ಇದು ಹೊಸ ಪಂಕ್ತಿಭೇದ! ‘ಬೇಕು’, ‘ಬೇಡ’ ಎಂದು ಕನ್ನಡದಲ್ಲಿ ಬರೆಯಲಾಗದ ಹೋಟೆಲಿಗೆ ಕನ್ನಡಿಗರ ದುಡ್ಡು ಮಾತ್ರ ಬೇಕೆ?

ಕನ್ನಡ ಚಳವಳಿ ಎಂದರೆ ಏನು ಎಂದು ಯಾರನ್ನಾದರೂ ಕೇಳಿ ನೋಡಿ. ಕಾವೇರಿ ಎನ್ನುತ್ತಾರೆ. ಬೆಳಗಾವಿ ಎನ್ನುತ್ತಾರೆ. ಗೋಕಾಕ್ ಚಳವಳಿ, ಮಹಿಷಿ ವರದಿ ಎನ್ನುತ್ತಾರೆ. ನವೆಂಬರ್ ಒಂದನೇ ತಾರೀಕು ಆಟೋಗೆ ಕಟ್ಟುವ ಹಳದಿ-ಕೆಂಪು ಬಾವುಟ ಎನ್ನುತ್ತಾರೆ. ಊಟದ ಮೇಜು ಎಂದು ಮಾತ್ರ ಯಾರೂ ಹೇಳುವುದಿಲ್ಲ. ಹೇಳಿದರೆ ನಗುತ್ತಾರೆ. “ತಿನ್ನೋ ಜಾಗದಲ್ಲೂ ಭಾಷೆ ತರ್ತೀರಲ್ರೀ, ಹೊಟ್ಟೆಗೆ ಯಾವ ಭಾಷೆ?” ಎಂದು ಮೂಗು ಮುರಿಯುತ್ತಾರೆ.

ಹಾಗೆ ಮೂಗು ಮುರಿಯುವ ಬುದ್ಧಿವಂತರಿಗೆ ಒಂದೇ ಪ್ರಶ್ನೆ. ಹೊಟ್ಟೆಗೆ ಭಾಷೆ ಇಲ್ಲ, ಒಪ್ಪೋಣ. ಆದರೆ ಬಡಿಸುವವನಿಗೆ ಭಾಷೆ ಇದೆ, ಮೆನುವಿಗೆ ಭಾಷೆ ಇದೆ, ಬಿಲ್ಲಿಗೆ ಭಾಷೆ ಇದೆ. ಹಸಿದ ಮನುಷ್ಯನ ನಾಲಿಗೆಗೂ ಒಂದು ಭಾಷೆ ಇದೆ. ಬೆಂಗಳೂರಿನಲ್ಲಿ ಕೂತು ಉಣ್ಣುವ ಮೇಜಿನ ಮೇಲೆ ಈ ನಾಲ್ಕರಲ್ಲಿ ಮೂರು ಕಡೆ ಕನ್ನಡ ಇಲ್ಲವೆಂದ ಮೇಲೆ, ನಾಲ್ಕನೆಯದನ್ನು ಕಟ್ಟಿಕೊಂಡು ಬಂದ ಕನ್ನಡಿಗ ಅಲ್ಲಿ ಗಿರಾಕಿಯೋ, ಭಿಕ್ಷುಕನೋ?

ಪ್ರಶ್ನೆ ಕಟುವಾಯಿತು ಎನ್ನುವವರು ಮುಂದಿನದನ್ನು ಓದಲಿ.

ಅವ್ವನ ತಟ್ಟೆ ಮಾತ್ರ ಖಾಲಿ

ಹೊರವರ್ತುಲ ರಸ್ತೆಯ ಪಕ್ಕ, ನಮ್ಮ ಬಡಾವಣೆಗೆ ಹತ್ತಿರದಲ್ಲಿ ಒಂದು ಬಾರ್ಬೆಕ್ಯೂ ಹೋಟೆಲು ಹೊಸದಾಗಿ ಶುರುವಾಗಿದೆ. ಹೆಸರು ಬರೆದು ಬಿಟ್ಟಿ ಜಾಹೀರಾತು ಕೊಡುವ ಇರಾದೆ ನನಗಿಲ್ಲ. ಇಂಥವು ಈಗ ಊರಿನ ಮೂಲೆಮೂಲೆಯಲ್ಲೂ ಇವೆ, ಒಂದನ್ನು ನೋಡಿದರೆ ಎಲ್ಲವನ್ನೂ ನೋಡಿದಂತೆ. ಮೇಜಿನ ನಡುವೆ ಕೆಂಡದ ತೊಟ್ಟಿ. ಕಂಬಿಗೆ ಚುಚ್ಚಿದ ಕೋಳಿ, ಕುರಿ, ಸಿಗಡಿ, ಅನಾನಸ್ಸು ಹಿಡಿದು ಕಪ್ಪು ಟೀ ಶರ್ಟಿನ ಹುಡುಗರು ಮೇಜಿನಿಂದ ಮೇಜಿಗೆ ಓಡಾಡುತ್ತಾರೆ. ಸಾಕು ಎನ್ನುವ ತನಕ ತಟ್ಟೆಗೆ ಉದುರಿಸುತ್ತಾರೆ. ತಲೆಗೆ ಇಷ್ಟು ಎಂದು ಹಣ. ಒಂದು ಭಾನುವಾರ ಮಧ್ಯಾಹ್ನ ನಮ್ಮ ಮನೆಯ ಐದು ಜನ ಹೋದೆವು. ನಾನು, ಮನೆಯಾಕೆ, ಭಾಮೈದ, ಐದನೇ ತರಗತಿಯ ಮಗಳು, ಮತ್ತು ಮದ್ದೂರು ಕಡೆಯ ಹಳ್ಳಿಯಿಂದ ಬಂದಿದ್ದ ಅವ್ವ.

ಅವ್ವ ಓದು ಬಾರದವಳಲ್ಲ. ಕನ್ನಡ ದಿನಪತ್ರಿಕೆಯನ್ನು ಮೊದಲ ಪುಟದ ರಾಜಕೀಯದಿಂದ ಕೊನೆಯ ಪುಟದ ತಿಥಿ ಜಾಹೀರಾತಿನವರೆಗೆ ಬಿಡದೆ ಓದುವವಳು. ಪಹಣಿ ಓದಿ ಗ್ರಾಮಲೆಕ್ಕಿಗನ ತಪ್ಪು ಹಿಡಿದವಳು. ಅಂಥವಳು ಆ ಹೋಟೆಲಿನ ಗಾಜಿನ ಬಾಗಿಲು ದಾಟಿದ ಕ್ಷಣ ಅನಕ್ಷರಸ್ಥೆಯಾದಳು. ಅವಳ ಕಣ್ಣಿಗೆ ಏನೂ ಆಗಿರಲಿಲ್ಲ. ಆ ಕೋಣೆಯಲ್ಲಿ ಅವಳ ಕಣ್ಣಿಗೆ ಬೇಕಾದ ಒಂದು ಅಕ್ಷರವೂ ಇರಲಿಲ್ಲ.

ಪ್ರತಿಯೊಬ್ಬರ ಮುಂದೆ ಒಂದು ಮರದ ಬಿಲ್ಲೆ ಇಟ್ಟಿದ್ದರು. ಒಂದು ಮಗ್ಗುಲಲ್ಲಿ ‘ಯೆಸ್ ಪ್ಲೀಸ್’, ಇನ್ನೊಂದು ಮಗ್ಗುಲಲ್ಲಿ ‘ನೋ ಥ್ಯಾಂಕ್ಸ್’, ಎರಡೂ ಇಂಗ್ಲಿಷ್ ಅಕ್ಷರದಲ್ಲಿ. ಬಾಡು ಬೇಕಾದರೆ ಮೊದಲನೆಯದು ಮೇಲೆ, ಸಾಕಾದರೆ ಎರಡನೆಯದು ಮೇಲೆ. ತಟ್ಟೆಗೆ ಜಾಗ ಮಾಡಲು ಅವ್ವ ಬಿಲ್ಲೆಯನ್ನು ಎತ್ತಿ ಪಕ್ಕಕ್ಕಿಟ್ಟಳು. ಅದು ಮಗುಚಿಕೊಂಡಿತು. ಅಷ್ಟೇ. ಕಂಬಿ ಹಿಡಿದು ಬಂದ ಹುಡುಗ ಬಿಲ್ಲೆ ನೋಡಿದ, ಅವ್ವನನ್ನು ದಾಟಿ ಪಕ್ಕದವರಿಗೆ ಬಡಿಸಿದ. ಎರಡನೇ ಹುಡುಗ ಬಂದ, ದಾಟಿದ. ಮೂರನೆಯವನೂ ದಾಟಿದ.

“ಲೇ ಮಗ, ಈ ಹೈದ ನನ್ ತಟ್ಟೆ ಮಾತ್ರ ಯಾಕ್ಲಾ ಬುಟ್ಟು ಹೋಯ್ತಾನೆ?” ಎಂದಳು ಅವ್ವ.

ಹಳೇ ಮೈಸೂರಿನ ಬಾಡೂಟದ ಪಂಕ್ತಿ ಕಂಡವರಿಗೆ ಈ ಮಾತಿನ ತೂಕ ಗೊತ್ತು. ಪಂಕ್ತಿಯಲ್ಲಿ ಕೂತವರನ್ನು ದಾಟಿ ಬಡಿಸಿದರೆ ಅದು ಮರೆವಲ್ಲ, ಅವಮಾನ. ಅದಕ್ಕೆ ನಮ್ಮ ಭಾಷೆಯಲ್ಲಿ ಒಂದು ಹೆಸರೇ ಇದೆ: ಪಂಕ್ತಿಭೇದ. ಜಾತಿಯ ಹೆಸರಿನಲ್ಲಿ ನಡೆಯುತ್ತಿದ್ದ ಅದನ್ನು ವಿರೋಧಿಸಿ ಈ ನಾಡಿನಲ್ಲಿ ದೊಡ್ಡ ದೊಡ್ಡ ಹೋರಾಟಗಳಾಗಿವೆ. ಈಗ ಅದೇ ಪಂಕ್ತಿಭೇದ ಎಸಿ ಹಾಕಿದ ಕೋಣೆಯಲ್ಲಿ, ಇಂಗ್ಲಿಷ್ ಬಿಲ್ಲೆಯ ರೂಪದಲ್ಲಿ, ನಮ್ಮ ದುಡ್ಡಿನಲ್ಲೇ ನಡೆಯುತ್ತಿದೆ.

ಬಿಲ್ಲೆ ತಿರುಗಿಸಿದ್ದಾಯಿತು. ಹುಡುಗ ಬಂದ. “ಇದ್ಯಾತರ ಬಾಡಪ್ಪ?” ಎಂದಳು ಅವ್ವ. ಹುಡುಗ “ಲ್ಯಾಂಬ್” ಎಂದ. ಅವ್ವನಿಗೆ ತಿಳಿಯಲಿಲ್ಲ. ಪಾಪ, ಅವನು ಸಹಾಯ ಮಾಡಲು ಹೋಗಿ ತನ್ನ ಹಿಂದಿಯಲ್ಲಿ “ಭೇಡ್, ಭೇಡ್” ಎಂದ. “ಬ್ಯಾಡ್ವಾ? ಬ್ಯಾಡ ಅಂದ್ರೆ ಯಾಕಪ್ಪ ತಂದೆ?” ಎಂದು ಅವ್ವ ತಟ್ಟೆ ಹಿಂದಕ್ಕೆ ಎಳೆದುಕೊಂಡಳು.

ಇದನ್ನು ಕೇಳಿ ನಗು ಬರುತ್ತದೆ, ನಮಗೂ ಬಂತು. ಆದರೆ ನಕ್ಕು ಮುಗಿದ ಮೇಲೆ ಯೋಚಿಸಿ. ಒಂದು ಮನೆಯವರು ಕುರಿ ತಿನ್ನುತ್ತಾರೆ, ಹಂದಿ ತಿನ್ನುವುದಿಲ್ಲ. ಇನ್ನೊಂದು ಮನೆಯ ಮಗುವಿಗೆ ಕಡಲೆಕಾಯಿ ತಿಂದರೆ ಮೈ ಊದಿಕೊಳ್ಳುತ್ತದೆ. ಮತ್ತೊಬ್ಬರಿಗೆ ಸಕ್ಕರೆ ಕಾಯಿಲೆ, ಸಾಸಿನಲ್ಲಿ ಏನಿದೆ ಎಂದು ತಿಳಿಯಲೇಬೇಕು. ತಟ್ಟೆಗೆ ಬಿದ್ದದ್ದು ಏನೆಂದು ತಿಳಿದು ತಿನ್ನುವುದು ಮನುಷ್ಯನ ಕನಿಷ್ಠ ಹಕ್ಕು. ಅದು ಕನ್ನಡದಲ್ಲಿ ಸಿಗದಿದ್ದರೆ ಕನ್ನಡಿಗನಿಗೆ ಆ ಹಕ್ಕು ಇಲ್ಲವೆಂದೇ ಅರ್ಥ.

ಬಿಲ್ಲು ಬಂತು. ದೊಡ್ಡವರು ನಾಲ್ವರಿಗೆ ತಲೆಗೆ 849, ಮಗುವಿಗೆ 449, ಒಟ್ಟು 3,845 ರೂಪಾಯಿ. ಅದರ ಮೇಲೆ ಶೇಕಡ 10 ‘ಸರ್ವಿಸ್ ಚಾರ್ಜ್’, ಅಂದರೆ 384 ರೂಪಾಯಿ 50 ಪೈಸೆ. ಅದೆಲ್ಲದರ ಮೇಲೆ ಶೇಕಡ 5 ಜಿಎಸ್‌ಟಿ. ಸೇರಿಸಿದರೆ 4,441 ರೂಪಾಯಿ. ಮೂರು ಸಲ ದಾಟಿ ಹೋದದ್ದಕ್ಕೂ ಸೇವಾ ಶುಲ್ಕ!

“ಯಾರೂ ಕೇಳಿಲ್ಲ ಸಾರ್”

ಮ್ಯಾನೇಜರನ್ನು ಕರೆಸಿದೆವು. ಮೊದಲು ಇಂಗ್ಲಿಷಿನಲ್ಲಿ ಗಿಳಿಪಾಠ ಒಪ್ಪಿಸಿದ. ತಮ್ಮದು ದೇಶವ್ಯಾಪಿ ಕಂಪನಿ, ಮೆನು ಮುಖ್ಯ ಕಚೇರಿಯಿಂದ ಅಚ್ಚಾಗಿ ಬರುತ್ತದೆ, ಎಲ್ಲ ಊರಿಗೂ ಒಂದೇ. ನಾವು ಕನ್ನಡ ಬಿಡಲಿಲ್ಲ. ಐದು ನಿಮಿಷಕ್ಕೆ ಅವನ ಇಂಗ್ಲಿಷ್ ಕರಗಿತು, ಒಳಗಿನ ಹಾಸನ ಹೊರಗೆ ಬಂತು. ಹೌದು ಸ್ವಾಮಿ, ಆ ಮ್ಯಾನೇಜರು ಹಾಸನ ಜಿಲ್ಲೆಯವನು, ಅಪ್ಪಟ ಕನ್ನಡಿಗ! ದನಿ ತಗ್ಗಿಸಿ ಹೇಳಿದ: “ಫ್ಲೋರ್ ಮೇಲೆ ಇಂಗ್ಲಿಷ್ ಇಲ್ಲಾ ಹಿಂದಿ ಮಾತಾಡ್ಬೇಕು ಅಂತ ಟ್ರೈನಿಂಗ್‌ನಲ್ಲೇ ಹೇಳಿರ್ತಾರೆ ಸಾರ್. ಕನ್ನಡ ಮೆನು ಇಲ್ಲಿವರ್ಗೂ ಯಾರೂ ಕೇಳಿಲ್ಲ ಸಾರ್.”

ಈ ಎರಡು ವಾಕ್ಯಗಳಲ್ಲಿ ಇಡೀ ರೋಗ ಇದೆ. ಮೊದಲನೆಯದು ಮಾಲೀಕನ ಅಹಂಕಾರ. ಎರಡನೆಯದು ನಮ್ಮ ನಿರಭಿಮಾನ.

ಮಾಲೀಕನ ಲೆಕ್ಕ ನೋಡಿ. ಕನ್ನಡದ ನೆಲ ಬೇಕು, ಕಾವೇರಿ ನೀರು ಬೇಕು, ಬೆಸ್ಕಾಂ ಕರೆಂಟು ಬೇಕು, ಕನ್ನಡದ ಗಿರಾಕಿ ಬೇಕು, ಕನ್ನಡದ ಮ್ಯಾನೇಜರೂ ಬೇಕು. ಮ್ಯಾನೇಜರ ಬಾಯಲ್ಲಿ ಕನ್ನಡ ಮಾತ್ರ ಬೇಡ! ಬರದವನಿಗೆ ಕಲಿಸಲಿಲ್ಲ ಎಂದರೆ ಸೋಮಾರಿತನ ಎನ್ನಬಹುದು. ಬರುವವನ ಬಾಯಿ ಹೊಲಿಯುವುದಕ್ಕೆ ಏನೆನ್ನಬೇಕು?

ಇನ್ನು ನಮ್ಮವರ ಕಥೆ. ಪಕ್ಕದ ಮೇಜಿನಲ್ಲಿ ಎಂಟು ಜನರ ಕುಟುಂಬ. ತಮ್ಮತಮ್ಮೊಳಗೆ ಸೊಗಸಾದ ಕನ್ನಡ. “ಅತ್ತೆ, ಸೀಗಡಿ ತಗೊಳ್ಳಿ”, “ಲೋ, ನಿಧಾನಕ್ಕೆ ತಿನ್ನೋ.” ಹುಡುಗ ಬಂದ ತಕ್ಷಣ ಅಷ್ಟೂ ಜನರ ನಾಲಿಗೆ ಇಂಗ್ಲಿಷಿಗೆ ಹೊರಳಿತು. ಇಂಗ್ಲಿಷು ಸಾಲದೆ ಬಂದ ಅಜ್ಜ ಹರುಕು ಹಿಂದಿಗೆ ಇಳಿದರು. ಆ ಹುಡುಗನಿಗೆ ಕನ್ನಡ ಬರುತ್ತದೋ ಇಲ್ಲವೋ ಎಂದು ಒಬ್ಬರೂ ಪರೀಕ್ಷೆ ಮಾಡಲಿಲ್ಲ. ತಾವೇ ಮೊದಲು ಶರಣಾದರು.

ಗೆಳೆಯರೇ, ಇಂಥ ಕಡೆ ಮಕ್ಕಳು ಬಾಡು ತಿನ್ನುವುದಷ್ಟೇ ಅಲ್ಲ, ಪಾಠವನ್ನೂ ಕಲಿಯುತ್ತವೆ. ಕನ್ನಡ ಮನೆಯೊಳಗೆ ಉಡುವ ಹಳೇ ಲುಂಗಿಯ ಹಾಗೆ, ಹೊರಗೆ ಬಂದಾಗ ಪ್ಯಾಂಟು ಹಾಕಿಕೊಳ್ಳಬೇಕು ಎಂಬ ಪಾಠ. ಶಾಲೆಯಲ್ಲಿ ಕನ್ನಡ ಕಡ್ಡಾಯ ಮಾಡಿ ಎಂದು ನಾವು ಬೀದಿಯಲ್ಲಿ ಕೂಗುತ್ತೇವೆ. ಭಾನುವಾರ ಮಧ್ಯಾಹ್ನ ಎರಡು ಗಂಟೆಯಲ್ಲಿ ಅಪ್ಪ-ಅಮ್ಮಂದಿರೇ ಆ ಪಾಠವನ್ನು ಒರೆಸಿಹಾಕುತ್ತಾರೆ. ಕನ್ನಡ ಬಡತನದ ಭಾಷೆ, ಇಂಗ್ಲಿಷ್ ಸಂಭ್ರಮದ ಭಾಷೆ ಎಂದು ಮಗುವಿನ ತಲೆಯಲ್ಲಿ ಕೂತರೆ ಯಾವ ಗೋಕಾಕ್ ವರದಿ ಅದನ್ನು ತೆಗೆಯಬಲ್ಲದು?

ಕಾನೂನು ಕಪಾಟಿನಲ್ಲಿ

ಕಾನೂನು ಇಲ್ಲವೇ? ಇದೆ. 1963ರಲ್ಲೇ ಕನ್ನಡ ಈ ರಾಜ್ಯದ ಆಡಳಿತ ಭಾಷೆ ಎಂದು ಕಾಯ್ದೆ ಬಂತು. 1982ರಲ್ಲಿ ಡಾ. ರಾಜಕುಮಾರ್ ಬೀದಿಗಿಳಿದು ಗೋಕಾಕ್ ಚಳವಳಿಗೆ ಜೀವ ತುಂಬಿದರು. 1986ರಲ್ಲಿ ಸರೋಜಿನಿ ಮಹಿಷಿ ಅವರು ಕನ್ನಡಿಗರ ಉದ್ಯೋಗದ ಬಗ್ಗೆ ಅಂತಿಮ ವರದಿ ಕೊಟ್ಟರು. 1994ರಲ್ಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಕಾಯ್ದೆ ಆಯಿತು. ‘ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ, 2022’ ಬಂತು. ಬಂದ ಕಾನೂನು ಕಪಾಟಿನಲ್ಲಿ ಮಲಗಿತ್ತು. 2023ರ ಡಿಸೆಂಬರ್ 27ರಂದು ಬೆಂಗಳೂರಿನಲ್ಲಿ ಕರ್ನಾಟಕ ರಕ್ಷಣಾ ವೇದಿಕೆಯ ಕಾರ್ಯಕರ್ತರು ಬೀದಿಗೆ ಬಂದು, ಜೈಲಿಗೂ ಹೋದ ಮೇಲೆ ಸರ್ಕಾರಕ್ಕೆ ಎಚ್ಚರವಾಯಿತು. ಸುಗ್ರೀವಾಜ್ಞೆ ಕಳಿಸಿದರೆ ರಾಜ್ಯಪಾಲರು ಹಿಂದಕ್ಕೆ ಕಳಿಸಿದರು. ಕೊನೆಗೆ 2024ರ ಫೆಬ್ರವರಿಯಲ್ಲಿ ವಿಧಾನಮಂಡಲವೇ ತಿದ್ದುಪಡಿ ಮಾಡಿತು: ಅಂಗಡಿ, ಹೋಟೆಲು, ಆಸ್ಪತ್ರೆ, ಯಾವುದೇ ಇರಲಿ, ನಾಮಫಲಕದಲ್ಲಿ ಶೇಕಡ 60 ಭಾಗ ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ.

ನಾನು ಹೇಳುತ್ತಿರುವ ಹೋಟೆಲು ಈ ತಿದ್ದುಪಡಿ ಆದಮೇಲೆ ಹುಟ್ಟಿದ್ದು. ಅದರ ಬೋರ್ಡಿನಲ್ಲಿ ಇಂಗ್ಲಿಷ್ ಅಕ್ಷರ ಆನೆ ಗಾತ್ರ, ಕನ್ನಡ ಕೆಳಗೆ ಮೂಲೆಯಲ್ಲಿ ಇರುವೆ ಗಾತ್ರ. ರಾತ್ರಿ ಇಂಗ್ಲಿಷಿಗೆ ದೀಪ ಉರಿಯುತ್ತದೆ, ಕನ್ನಡಕ್ಕೆ ಕತ್ತಲು. ಪರವಾನಗಿ ಕೊಟ್ಟ ಅಧಿಕಾರಿಯ ಕಣ್ಣಿಗೆ ಇದು ಕಾಣಲಿಲ್ಲವೆ? ಅಥವಾ ಉದ್ಘಾಟನೆಯ ದಿನದ ಪುಕ್ಕಟೆ ಕಬಾಬಿನ ಹೊಗೆ ಕಣ್ಣಿಗೆ ಹೊಕ್ಕಿತೆ?

ದಿಲ್ಲಿಯ ಆಟ ಇನ್ನೂ ಚೆನ್ನಾಗಿದೆ. ಪೊಟ್ಟಣ ಕಟ್ಟಿದ ಸಾಮಾನಿನ ಮೇಲೆ ಬೆಲೆ, ತೂಕ, ತಯಾರಾದ ವಿವರ ಯಾವ ಭಾಷೆಯಲ್ಲಿರಬೇಕು? ಕೇಂದ್ರದ 2011ರ ನಿಯಮ ಹೇಳುತ್ತದೆ: ದೇವನಾಗರಿಯಲ್ಲಿ ಹಿಂದಿ, ಇಲ್ಲವೇ ಇಂಗ್ಲಿಷ್. ಆಹಾರದ ಪೊಟ್ಟಣಕ್ಕೂ ಅದೇ ಮಾತು. ಬೇರೆ ಭಾಷೆ ಬೇಕಾದರೆ ಜೊತೆಗೆ ಸೇರಿಸಿಕೊಳ್ಳಬಹುದಂತೆ! ಅಂದರೆ ಹಿಂದಿಗೆ ಕಡ್ಡಾಯದ ಪೀಠ, ಕನ್ನಡಕ್ಕೆ ಬಾಗಿಲ ಹೊರಗಿನ ಚಾಪೆ. ಸಂವಿಧಾನದ 343ನೇ ವಿಧಿ ಹಿಂದಿಯನ್ನು ಕೇಂದ್ರ ಸರ್ಕಾರದ ಆಡಳಿತ ಭಾಷೆ ಎಂದಿದೆಯೇ ಹೊರತು ರಾಷ್ಟ್ರಭಾಷೆ ಎಂದು ಎಲ್ಲೂ ಹೇಳಿಲ್ಲ. ಆದರೂ ಕಬಾಬ್ ಬಡಿಸುವ ಹುಡುಗನವರೆಗೆ ಎಲ್ಲರೂ ಅದನ್ನೇ ನಂಬಿದ್ದಾರೆ. ನಂಬಿಸಿದವರು ಯಾರು?

ಉದ್ಯೋಗದ ಕಥೆಯೂ ಇದೇ. ಖಾಸಗಿ ಉದ್ಯಮಗಳ ಆಡಳಿತ ಹುದ್ದೆಗಳಲ್ಲಿ ಶೇಕಡ 50, ಉಳಿದ ಹುದ್ದೆಗಳಲ್ಲಿ ಶೇಕಡ 70 ಸ್ಥಳೀಯರಿಗೆ ಎಂಬ ಮಸೂದೆಗೆ 2024ರ ಜುಲೈನಲ್ಲಿ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಉದ್ಯಮಿಗಳು ಹುಬ್ಬು ಗಂಟಿಕ್ಕಿದರು. ಎರಡೇ ದಿನಕ್ಕೆ ಸರ್ಕಾರ ಅದನ್ನು ತಡೆಹಿಡಿಯಿತು. ಉದ್ಯಮಿಯ ಹುಬ್ಬಿಗೆ ಇರುವ ಬೆಲೆ ಕನ್ನಡದ ಹುಡುಗನ ಹಸಿವಿಗೆ ಇಲ್ಲ.

ಕೆಂಡ ನಮಗೆ ಹೊಸದಲ್ಲ

“ಇದು ಹೊರಗಿನ ಊಟ, ಹೊರಗಿನ ಭಾಷೆಯಲ್ಲೇ ಇರುತ್ತದೆ” ಎಂದು ವಾದ ಮಾಡುವ ಮಹಾಶಯರಿದ್ದಾರೆ. ಅವರಿಗೆ ಎರಡು ಪಾಠ.

ಒಂದು: ಕೆಂಡದ ಮೇಲೆ ಬಾಡು ಸುಡುವುದನ್ನು ಯಾರೂ ವಿಮಾನದಲ್ಲಿ ತಂದು ನಮಗೆ ಕಲಿಸಿಲ್ಲ. 12ನೇ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ಬರೆಸಿದ. ಅದರ ಊಟದ ಭಾಗದಲ್ಲಿ ಮಾಂಸವನ್ನು ಸರಳಿಗೆ ಚುಚ್ಚಿ ಕೆಂಡದಲ್ಲಿ ಸುಡುವ ಬಗೆ ಇದೆ. ಅಡುಗೆಯ ವಿದ್ಯೆಯನ್ನು ಕನ್ನಡದಲ್ಲೇ ಬರೆದಿಡುವ ರೂಢಿ ಅದಕ್ಕಿಂತ ಹಳೆಯದು. 11ನೇ ಶತಮಾನದ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಅಡುಗೆಗೆ ಒಂದು ಭಾಗವೇ ಇದೆ. ಮೂರನೇ ಮಂಗರಸ ಕನ್ನಡದಲ್ಲಿ ‘ಸೂಪಶಾಸ್ತ್ರ’ವನ್ನೇ ಬರೆದ. ಸಾವಿರ ವರ್ಷದ ಹಿಂದೆ ಅಡುಗೆಮನೆಯ ವಿದ್ಯೆಗೆ ಸಾಲುತ್ತಿದ್ದ ಕನ್ನಡ ಇಂದು ಮೆನು ಕಾರ್ಡಿಗೆ ಸಾಲುವುದಿಲ್ಲವೆ? ‘ಸುಟ್ಟ ಕೋಳಿ’, ‘ಕೆಂಡದ ಸಿಗಡಿ’, ‘ಕುರಿ ಖೀಮಾ’ ಎಂದು ಬರೆದರೆ ಬಾಯಲ್ಲಿ ನೀರು ಬರುವುದಿಲ್ಲವೆ?

ಎರಡು: ಬೆಂಗಳೂರಿನ ಹೋಟೆಲು ಉದ್ಯಮ ಕಟ್ಟಿದವರೆಲ್ಲ ಕನ್ನಡ ಮನೆಮಾತಿನವರೇ ಆಗಿರಲಿಲ್ಲ. ಉಡುಪಿ ಹೋಟೆಲು ನಡೆಸಿದ ಎಷ್ಟೋ ಜನರ ಮನೆಮಾತು ತುಳು, ಕೊಂಕಣಿ. ಮಿಲಿಟರಿ ಹೋಟೆಲು ನಡೆಸಿದ ಎಷ್ಟೋ ಮನೆತನಗಳ ಮನೆಮಾತು ಮರಾಠಿ. ಬಿರಿಯಾನಿ, ಕಬಾಬಿನ ಬೀದಿಗಳಲ್ಲಿ ಉರ್ದು. ಇವರಲ್ಲಿ ಯಾರೂ ಗಿರಾಕಿಗೆ ತಮ್ಮ ಮನೆಮಾತು ಕಲಿತು ಬಾ ಎನ್ನಲಿಲ್ಲ. ಕನ್ನಡದಲ್ಲಿ ಬೋರ್ಡು ಬರೆಸಿದರು, ಕನ್ನಡದಲ್ಲಿ “ಏನ್ ಕೊಡ್ಲಿ ಸಾರ್” ಎಂದರು, ಕನ್ನಡದಲ್ಲಿ ಲೆಕ್ಕ ಕೂಗಿದರು. ಹೊಸದಾಗಿ ಊರಿಗೆ ಬಂದ ತಮಿಳರು, ತೆಲುಗರು, ಮಲಯಾಳಿಗಳು “ಬೈಟೂ ಕಾಫಿ”, “ಎರಡು ಖಾಲಿ ದೋಸೆ”, “ಸಾಂಬಾರ್ ಬೇರೆ ಕೊಡಿ” ಎಂದು ಮೊದಲ ಕನ್ನಡ ಕಲಿತದ್ದು ಅಲ್ಲೇ. 1924ರ ಮಾವಳ್ಳಿ ಟಿಫಿನ್ ರೂಮ್, 1943ರ ವಿದ್ಯಾರ್ಥಿ ಭವನ, 1980ರ ದಶಕದಲ್ಲಿ ಶುರುವಾದ ದರ್ಶಿನಿಗಳು ಊಟದ ಜಾಗಗಳಷ್ಟೇ ಅಲ್ಲ, ಈ ಊರಿನ ಕನ್ನಡ ಶಾಲೆಗಳೂ ಹೌದು. ಹೋಟೆಲು ಕನ್ನಡ ಬಿಟ್ಟ ದಿನ ಊರಿಗೆ ಬಂದವರು ಕನ್ನಡ ಕಲಿಯುವ ದೊಡ್ಡ ಬಾಗಿಲು ಮುಚ್ಚಿತು. 2011ರ ಜನಗಣತಿಯಲ್ಲಿ ಬೆಂಗಳೂರು ನಗರ ಜಿಲ್ಲೆಯಲ್ಲಿ ಕನ್ನಡವನ್ನು ತಾಯಿನುಡಿ ಎಂದು ಬರೆಸಿದವರು ಅರ್ಧಕ್ಕಿಂತ ಕಡಿಮೆ. ಇಂಥ ಊರಿನಲ್ಲಿ ಆ ಬಾಗಿಲು ಮುಚ್ಚುವುದು ಸಣ್ಣ ಮಾತಲ್ಲ.

ಸತ್ತ ಭಾಷೆಯ ಉಳಿದ ಪದ

ಈಗ ‘ಬಾರ್ಬೆಕ್ಯೂ’ ಎಂಬ ಪದದ ಕಥೆ ಕೇಳಿ. ಅದು ಇಂಗ್ಲಿಷಿನದು ಎಂದು ಬೀಗುವವರು ತಿಳಿದಿರಲಿ, ಅದು ಇಂಗ್ಲಿಷಿನದಲ್ಲ. ಕೆರಿಬಿಯನ್ ದ್ವೀಪಗಳಲ್ಲಿ ತೈನೋ ಎಂಬ ಮೂಲನಿವಾಸಿಗಳಿದ್ದರು. ಬೆಂಕಿಯ ಮೇಲೆ ಮಾಂಸ ಇಟ್ಟು ಸುಡುವ ಕಟ್ಟಿಗೆಯ ಅಟ್ಟಣೆಗೆ ಅವರ ಭಾಷೆಯಲ್ಲಿದ್ದ ಹೆಸರನ್ನು ಸ್ಪೇನಿನವರು ‘ಬಾರ್ಬಕೋವಾ’ ಎಂದು ಬರೆದುಕೊಂಡರು. ಅಲ್ಲಿಂದ ಅದು ಇಂಗ್ಲಿಷಿಗೆ ಹೋಯಿತು, ಇಂಗ್ಲಿಷಿನಿಂದ ಹೊರವರ್ತುಲ ರಸ್ತೆಗೆ ಬಂತು. ಹರಿಕೇನ್ ಎಂಬ ಬಿರುಗಾಳಿಯ ಹೆಸರೂ ಅವರದೇ, ಹ್ಯಾಮಕ್ ಎಂಬ ತೂಗುಹಾಸಿಗೆಯ ಹೆಸರೂ ಅವರದೇ.

ಆ ಭಾಷೆ ಎಲ್ಲಿ? 1492ರಲ್ಲಿ ಕೊಲಂಬಸ್ ಬಂದಿಳಿದ. ಅವನ ಹಿಂದೆ ಕತ್ತಿ ಬಂತು, ರೋಗ ಬಂತು, ಗುಲಾಮಗಿರಿ ಬಂತು. ತೈನೋ ಭಾಷೆ ಅಳಿದುಹೋಯಿತು. ಇವತ್ತು ಅದನ್ನು ಮನೆಮಾತಾಗಿ ಆಡುವ ಊರಿಲ್ಲ. ಅವರ ಅಡುಗೆಯ ಪದ ಮಾತ್ರ ಜಗತ್ತಿನ ಬೋರ್ಡುಗಳ ಮೇಲೆ ದೀಪ ಹಾಕಿಕೊಂಡು ಮೆರೆಯುತ್ತಿದೆ.

ಕನ್ನಡಕ್ಕೆ ಅದೇ ಗತಿ ಬಂತು ಎಂದು ನಾನು ಬೊಬ್ಬೆ ಹೊಡೆಯುತ್ತಿಲ್ಲ. ಕೋಟ್ಯಂತರ ಜನರ ಭಾಷೆ ನಮ್ಮದು, ಒಂದು ರಾಜ್ಯವೇ ನಮಗಿದೆ. ಆದರೆ ಒಂದು ಭಾಷೆಯ ತಿಂಡಿಯ ಹೆಸರು ಉಳಿದರೆ ಭಾಷೆ ಉಳಿದಂತೆ ಅಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಮೆನುವಿನಲ್ಲಿ ‘ಮೈಸೂರು ಪಾಕ್’ ಎಂದು ಇಂಗ್ಲಿಷಿನಲ್ಲಿ ಬರೆದು “ನೋಡಿ, ಕನ್ನಡಕ್ಕೆ ಜಾಗ ಕೊಟ್ಟಿದ್ದೇವೆ” ಎನ್ನುವವರಿಗೆ ಮರುಳಾಗಬೇಡಿ. ನಮಗೆ ಬೇಕಾದ್ದು ಸಿಹಿಯ ಹೆಸರಲ್ಲ. “ಇನ್ನೊಂದು ತುಂಡು ಕೊಡಲೇ?” ಎಂದು ಕೇಳುವ ಬಾಯಿ.

ಬೇರೆ ದೇಶದವರು ಇದನ್ನು ಹೇಗೆ ಮಾಡುತ್ತಾರೆ? ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಫ್ರೆಂಚರ 1977ರ ಭಾಷಾ ಕಾಯ್ದೆ ಮೆನು ಕಾರ್ಡನ್ನೂ ಬಿಟ್ಟಿಲ್ಲ: ಅದು ಫ್ರೆಂಚಿನಲ್ಲಿ ಇರಲೇಬೇಕು, ಬೇರೆ ಭಾಷೆ ಇದ್ದರೂ ಫ್ರೆಂಚಿಗಿಂತ ಮೆರೆಯಕೂಡದು. ಫ್ರಾನ್ಸ್ ದೇಶದ 1994ರ ಕಾಯ್ದೆ ಸರಕು, ಸೇವೆ, ರಸೀತಿ, ಜಾಹೀರಾತು ಎಲ್ಲಕ್ಕೂ ಫ್ರೆಂಚ್ ಕಡ್ಡಾಯ ಮಾಡಿತು. ಅಮೆರಿಕದ ದೊಡ್ಡ ಕಂಪನಿಗಳೂ ಅಲ್ಲಿ ಫ್ರೆಂಚಿನಲ್ಲಿ ಅಚ್ಚು ಹಾಕಿಸುತ್ತವೆ. ಅತಿರೇಕವೂ ಆಗಿದೆ. 2013ರಲ್ಲಿ ಮಾಂಟ್ರಿಯಲ್ಲಿನ ಒಂದು ಇಟಾಲಿಯನ್ ಹೋಟೆಲಿಗೆ ಮೆನುವಿನಲ್ಲಿ ‘ಪಾಸ್ತಾ’ ಎಂಬ ಪದ ಇದ್ದದ್ದಕ್ಕೂ ತಕರಾರು ಮಾಡಿ, ಜಗತ್ತೆಲ್ಲ ನಕ್ಕ ಮೇಲೆ ಅಧಿಕಾರಿಗಳು ಹಿಂದೆ ಸರಿದರು. ನಮಗೆ ಆ ಹುಚ್ಚು ಬೇಡ. ‘ಬಾರ್ಬೆಕ್ಯೂ’ ಎಂಬ ಪದ ಇರಲಿ, ಕನ್ನಡ ಅಕ್ಷರದಲ್ಲಿ ಇರಲಿ. ಪಾಸ್ತಾ, ಪಿಜ್ಜಾ, ಕಬಾಬು ಎಲ್ಲವೂ ಬರಲಿ. ಕನ್ನಡ ಯಾವ ಪದಕ್ಕೂ ಬಾಗಿಲು ಹಾಕಿದ ಭಾಷೆಯಲ್ಲ. ಆದರೆ ಮನೆಗೆ ಬಂದ ನೆಂಟ ಮನೆಯವರನ್ನು ಹೊರಗೆ ಹಾಕಕೂಡದು.

ಹುಡುಗನ ಮೇಲೆ ಕೈ ಬೇಡ

ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಕಂಬಿ ಹಿಡಿದು ಓಡಾಡುವ ಹುಡುಗ ನಮ್ಮ ಶತ್ರು ಅಲ್ಲ. ಅವನು ಅಸ್ಸಾಮಿನವನೋ, ಒಡಿಶಾದವನೋ, ನೇಪಾಳದವನೋ ಇರಬಹುದು. ಊರಲ್ಲಿ ಕೆಲಸವಿಲ್ಲದೆ ರೈಲು ಹತ್ತಿ ಬಂದವನು. ಗಂಟೆಗಟ್ಟಲೆ ಕೆಂಡದ ಶಾಖದಲ್ಲಿ ನಿಂತು, ನಮ್ಮ ತಟ್ಟೆ ತುಂಬಿಸಿ, ರಾತ್ರಿ ಹತ್ತು ಜನರ ಕೋಣೆಯಲ್ಲಿ ಮಲಗುವವನು. ನಮ್ಮ ರಾಯಚೂರು, ಯಾದಗಿರಿಯ ಹುಡುಗರು ಮುಂಬಯಿ, ಪುಣೆಗೆ ಗುಳೆ ಹೋಗಿ ಪಡುವ ಪಾಡೇ ಅವನದೂ. 2012ರ ಆಗಸ್ಟಿನಲ್ಲಿ ಸುಳ್ಳು ಸುದ್ದಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರಿನಿಂದ ಗುವಾಹಟಿ ರೈಲು ಹತ್ತಿ ಓಡಿದರು. ಅದು ಈ ಊರಿಗೆ ಹತ್ತಿದ ಮಸಿ. ಆ ಮಸಿ ಮತ್ತೆ ಹತ್ತಬಾರದು. ಬಡವನ ಕೆನ್ನೆಗೆ ಹೊಡೆದು ವಿಡಿಯೊ ಮಾಡಿ ಹಂಚುವವನು ಕನ್ನಡ ಕಟ್ಟುತ್ತಿಲ್ಲ, ಕನ್ನಡದ ಹೆಸರು ಕೆಡಿಸುತ್ತಿದ್ದಾನೆ. ಮಾಲೀಕನಿಗೂ ಅದೇ ಬೇಕು. ಗಲಾಟೆಯಾದರೆ ಪೊಲೀಸರ ಮುಂದೆ ಅವನೇ ಅಮಾಯಕ!

ನಮ್ಮ ಪ್ರಶ್ನೆ ಇರುವುದು ಮಾಲೀಕನಿಗೆ. ಕಂಬಿ ಹಿಡಿಯುವುದು ಹೇಗೆ, ನಗುವುದು ಹೇಗೆ, ಹುಟ್ಟುಹಬ್ಬದ ಮೇಜಿನ ಸುತ್ತ ಕುಣಿಯುವುದು ಹೇಗೆ ಎಂದೆಲ್ಲ ಆ ಹುಡುಗನಿಗೆ ತರಬೇತಿ ಕೊಟ್ಟೆಯಲ್ಲ, “ಬೇಕಾ?”, “ಸಾಕಾ?”, “ಇದು ಕುರಿ”, “ಇದು ಖಾರ”, “ಇದರಲ್ಲಿ ಕಡಲೆಕಾಯಿ ಇದೆ” ಎಂಬ ಐದು ಮಾತು ಕಲಿಸಲು ನಿನಗೇನು ಬಂದಿತ್ತು ರೋಗ? ಮೂರು ವಾರದಲ್ಲಿ ಕುಣಿಯಲು ಕಲಿತ ಹುಡುಗ ಮೂರು ದಿನದಲ್ಲಿ ಐದು ಮಾತು ಕಲಿಯಲಾರನೆ? ಕಲಿಯುತ್ತಾನೆ. ಅವನಿಗೆ ಟಿಪ್ಸು ಸಿಗುವುದೂ ಅದರಿಂದಲೇ. ಕಲಿಸಲು ಮನಸ್ಸಿಲ್ಲದವನು ನೀನು.

ಹಾಗಾದರೆ ಮಾಡಬೇಕಾದ್ದೇನು?

ಕಲ್ಲು ಬೇಡ, ಮಸಿ ಬೇಡ. ನಮ್ಮ ಕೈಯಲ್ಲಿ ಅದಕ್ಕಿಂತ ಹರಿತವಾದ ಆಯುಧ ಇದೆ: ನಮ್ಮ ಜೇಬು. ಆ ಹೋಟೆಲುಗಳನ್ನು ತುಂಬಿಸುವವರು ಯಾರು? ಮೊದಲ ಸಂಬಳದ ಪಾರ್ಟಿ ಕೊಡುವ ನೀವು. ಹುಟ್ಟುಹಬ್ಬ ಮಾಡುವ ನೀವು. ಅಪ್ಪ-ಅಮ್ಮನನ್ನು ಊರಿಂದ ಕರೆಸಿ “ಬನ್ನಿ, ಹೊಸ ಹೋಟೆಲು ತೋರಿಸ್ತೀನಿ” ಎನ್ನುವ ನೀವು. ಆದ್ದರಿಂದ ಇಷ್ಟು ಮಾಡಿ.

ಮೇಜು ಕಾಯ್ದಿರಿಸಲು ಫೋನು ಮಾಡಿದಾಗಲೇ ಕನ್ನಡದಲ್ಲಿ ಶುರು ಮಾಡಿ. “ಕನ್ನಡ ಮೆನು ಇದೆಯಾ?” ಎಂದು ಮೊದಲು ಕೇಳಿ. ಇಲ್ಲ ಎಂದರೆ “ಬಂದ ಮೇಲೆ ಹೇಳಿ, ಆಮೇಲೆ ಬರ್ತೀವಿ” ಎಂದು ಇಟ್ಟುಬಿಡಿ. ಹತ್ತು ಜನ ಹೀಗೆ ಇಟ್ಟರೆ ಮುಖ್ಯ ಕಚೇರಿಯ ಅಚ್ಚಿನ ಯಂತ್ರಕ್ಕೆ ಕನ್ನಡ ತಾನಾಗಿ ಬರುತ್ತದೆ.

ಹೋದರೆ ಕನ್ನಡ ಬಿಡಬೇಡಿ. ಹುಡುಗನಿಗೆ ಅರ್ಥವಾಗದಿದ್ದರೆ ನಗುತ್ತಾ ಎರಡು ಮಾತು ಕಲಿಸಿ. ಕನ್ನಡದ ಹುಡುಗನಾಗಿದ್ದರೆ ಮ್ಯಾನೇಜರ ಎದುರೇ ಅವನನ್ನು ಕನ್ನಡದಲ್ಲಿ ಮಾತಾಡಿಸಿ, ಅವನ ಬಾಯಿಗೆ ಹಾಕಿದ ಬೀಗ ಅಲ್ಲೇ ಮುರಿಯಲಿ.

ಊಟ ಮುಗಿದ ಮೇಲೆ ಅಭಿಪ್ರಾಯ ಬರೆಸಿಕೊಳ್ಳಲು ಬರುತ್ತಾರೆ. ನಕ್ಷತ್ರ ಒತ್ತಿ ಎದ್ದು ಬರಬೇಡಿ. ಕನ್ನಡ ಅಕ್ಷರದಲ್ಲೇ ಬರೆಯಿರಿ: ಊಟ ಹೇಗಿತ್ತು, ಭಾಷೆ ಎಲ್ಲಿತ್ತು. ಮುಂದಿನ ಸಲ ಯಾವ ಮ್ಯಾನೇಜರೂ “ಯಾರೂ ಕೇಳಿಲ್ಲ ಸಾರ್” ಎನ್ನಲಾಗದಂತೆ ಬರೆಯಿರಿ.

ಬಿಲ್ಲಿನಲ್ಲಿ ಕೇಳದೆ ಸೇವಾ ಶುಲ್ಕ ಸೇರಿಸಿದ್ದರೆ ತೆಗೆಸಿ. ಹೋಟೆಲುಗಳು ಅದನ್ನು ತಾವಾಗಿ ಬಿಲ್ಲಿಗೆ ಸೇರಿಸಕೂಡದು ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ. ದಿಲ್ಲಿ ಹೈಕೋರ್ಟು 2025ರ ಮಾರ್ಚ್ 28ರಂದು ಅದನ್ನು ಎತ್ತಿಹಿಡಿದಿದೆ. ತೆಗೆಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನು ಮಾಡಿ. ಅಲ್ಲಿಯೂ ಕನ್ನಡದಲ್ಲೇ ಮಾತಾಡಿ. ನಾವು ಹೇಳಿದ್ದಕ್ಕೆ ಆ ಹೋಟೆ­ಲಿನವರು 384 ರೂಪಾಯಿ 50 ಪೈಸೆಯನ್ನು, ಅದರ ಮೇಲಿನ ತೆರಿಗೆಯನ್ನು ಎರಡನೇ ಮಾತಿಲ್ಲದೆ ಕಡಿದರು. ಕೇಳುವ ತನಕ ಮಾತ್ರ ಅವರ ಜೋರು!

ಬೋರ್ಡಿನಲ್ಲಿ ಶೇಕಡ 60 ಕನ್ನಡ ಇಲ್ಲದಿದ್ದರೆ ಫೋಟೊ ತೆಗೆದು ನಿಮ್ಮ ನಗರಪಾಲಿಕೆಗೆ ದೂರು ಬರೆಯಿರಿ, ಪ್ರತಿಯನ್ನು ಕನ್ನಡ ಅಭಿವೃದ್ಧಿ ಪ್ರಾಧಿಕಾರಕ್ಕೆ ಕಳಿಸಿ. ತಾರೀಕು ಹಾಕಿ, ಸ್ವೀಕೃತಿ ಪಡೆಯಿರಿ. ಅಧಿಕಾರಿ ಮಲಗಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಎಬ್ಬಿಸಿ.

ಸರ್ಕಾರಕ್ಕೆ ನಮ್ಮ ಹಕ್ಕೊತ್ತಾಯ ಮೂರೇ. ಬೋರ್ಡಿಗೆ ಇರುವ ಕಡ್ಡಾಯ ಮೆನುವಿಗೂ ಬಿಲ್ಲಿಗೂ ಬರಲಿ. ಊಟದಲ್ಲಿ ಏನಿದೆ, ಯಾರಿಗೆ ಆಗುವುದಿಲ್ಲ ಎಂಬ ಎಚ್ಚರಿಕೆ, ಬೆಂಕಿ ಬಿದ್ದರೆ ಹೊರಗೆ ಹೋಗುವ ದಾರಿ, ಇವು ಕನ್ನಡದಲ್ಲಿ ಇಲ್ಲದ ಹೋಟೆಲಿನ ಪರವಾನಗಿ ನವೀಕರಣ ಆಗದಿರಲಿ. ಗಿರಾಕಿಯ ಮುಂದೆ ನಿಲ್ಲುವ ಪ್ರತಿ ಕೆಲಸಗಾರನಿಗೂ ಮಾಲೀಕನ ಖರ್ಚಿನಲ್ಲಿ, ಸಂಬಳದ ವೇಳೆಯಲ್ಲೇ, ಆಡುಗನ್ನಡ ಕಲಿಸುವುದು ಕಡ್ಡಾಯವಾಗಲಿ. ಇದರಲ್ಲಿ ಯಾವುದಕ್ಕೂ ಕೋಟಿ ಖರ್ಚಿಲ್ಲ. ಬೇಕಾದ್ದು ಬೆನ್ನುಮೂಳೆ.

ಕನ್ನಡದ ಯುವಕರೇ, ಯುವತಿಯರೇ! ಭಾಷೆ ಉಳಿಯುವುದು ರಾಜ್ಯೋತ್ಸವದ ವೇದಿಕೆಯಲ್ಲಿ ಅಲ್ಲ, ಮೈಕಿನ ಮುಂದೆ ಕಣ್ಣೀರು ಹಾಕುವ ಮಂತ್ರಿಯ ಬಾಯಲ್ಲಿಯೂ ಅಲ್ಲ. ಸಂತೆಯಲ್ಲಿ, ಬಸ್ಸಿನಲ್ಲಿ, ಬ್ಯಾಂಕಿನಲ್ಲಿ, ಊಟದ ಮೇಜಿನಲ್ಲಿ ದಿನಕ್ಕೆ ಇಪ್ಪತ್ತು ಸಲ ಹೇಳುವ ಸಣ್ಣ ಸಣ್ಣ ಮಾತಿನಲ್ಲಿ ಅದು ಉಳಿಯುತ್ತದೆ. ಆ ಮಾತುಗಳಲ್ಲೆಲ್ಲ ಎರಡು ಮಾತು ದೊಡ್ಡವು: ಬೇಕು, ಬೇಡ. ಈ ಎರಡನ್ನು ತನ್ನ ಭಾಷೆಯಲ್ಲಿ ಹೇಳಲಾರದವನು ತನ್ನ ನೆಲದಲ್ಲೇ ಪರದೇಶಿ.

ಗುಲಾಮಗಿರಿ ಬೇಡ. ಗೂಂಡಾಗಿರಿ ಬೇಡ. ಕನ್ನಡ ಬೇಕು. ಇದನ್ನು ಕೂಗಿ ಹೇಳುವ ಅಗತ್ಯವಿಲ್ಲ. ಮುಂದಿನ ಭಾನುವಾರ, ಯಾವ ಹೋಟೆಲಿಗೇ ಹೋಗಿ, ಕನ್ನಡದಲ್ಲಿ ಹೇಳಿದರೆ ಸಾಕು.